ಪದ ಬೇಕು: ಹಳೇ ವಾಡೆಯೊಳಗೆ ಹೊಸ ಮನೆ ಮಾಡುವುದಕ್ಕೆ ಏನೆನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ. ಪುಣೆಯಿಂದ ಬರೆಯುತ್ತಿದ್ದೇನೆ, ಊರು ಬಾಗಲಕೋಟೆ. ಇಲ್ಲಿನ ನಮ್ಮ ಕನ್ನಡ ಬಳಗದ ಸಂಚಿಕೆಗೆ ಒಂದು ಲೇಖನ ಬರೆಯಲು ಕೂತು ಒಂದು ಪದಕ್ಕೆ ಸಿಕ್ಕಿಬಿದ್ದಿದ್ದೇನೆ.

ಪುಣೆಯ ಹಳೇ ಊರಿನ ಓಣಿಗಳಿಗೆ ಪೇಠೆ ಅನ್ನುತ್ತಾರೆ. ನಮ್ಮ ಪೇಠೆಯಲ್ಲಿ ಒಂದು ಹಳೇ ವಾಡೆ, ಅಂದರೆ ಚೌಕದ ದೊಡ್ಡ ಮನೆ, ಇದೆ. ಬುಡದಲ್ಲಿ ಕಲ್ಲು, ಮೇಲೆ ಇಟ್ಟಿಗೆ, ಒಳಗೆಲ್ಲ ಸಾಗುವಾನಿ ಕಂಬ, ತೊಲೆ, ಜಂತಿ. ನಡುವೆ ಚೌಕ. ಅದನ್ನು ಕೆಡವದೆ ಒಳಗೇ ಆರು ಮನೆ ಮಾಡುತ್ತಿದ್ದಾರೆ. ಒಂದೊಂದಕ್ಕೂ ಬೇರೆ ಅಡುಗೆಮನೆ, ಬಚ್ಚಲು, ಮೀಟರು. ಈ ಕೆಲಸಕ್ಕೆ ಕನ್ನಡದಲ್ಲಿ ಹೆಸರೇನು?

ಮೊದಲು ‘ಜೀರ್ಣೋದ್ಧಾರ’ ಅಂತ ಬರೆದೆ. ಓದಿದ ಹೆಂಡತಿ, “ಯಾವ ಗುಡಿದು?” ಅಂದಳು. ಹೌದು, ಆ ಪದದ ಹಿಂದೆಯೇ ರಸೀದಿ ಪುಸ್ತಕ ಬರುತ್ತದೆ. ‘ಮರುಬಳಕೆ’ ಅಂದರೆ ಹಾಲಿನ ಪ್ಯಾಕೆಟ್ ನೆನಪಾಗುತ್ತದೆ. ‘ಪರಿವರ್ತನೆ’ ತಪ್ಪಲ್ಲ, ಆದರೆ ಹೊಲವನ್ನು ಸೈಟು ಮಾಡಿಸಿದವರಿಗೆ ಅದು ಕಂದಾಯ ಕಚೇರಿಯ ಮಾತು. ‘ಪುನರ್ವಸತಿ’ ನನ್ನ ಕೈಯಿಂದ ಬರೆಯೋಕೇ ಆಗಲ್ಲ. ಆಲಮಟ್ಟಿ ಹಿನ್ನೀರು ಬಂತು ಅಂತ ಹಳೇ ಊರು ಬಿಟ್ಟು ನವನಗರಕ್ಕೆ ಹೋದವರು ನಾವು. ನಮ್ಮ ಕಿವಿಗೆ ಅದು ಮನೆ ಕಳಕೊಂಡ ಪದ.

ಉಳಿದದ್ದು ಪತ್ರಿಕೆಗಳ ‘ಪುನರಾಭಿವೃದ್ಧಿ’. (ಪುನರಭಿವೃದ್ಧಿ ಆಗಬೇಕಲ್ವಾ? ‘ರಾ’ ಎಲ್ಲಿಂದ ಬಂತು? ಅದು ಇನ್ನೊಂದು ಜಗಳ, ಈಗ ಬೇಡ.) ಮರಾಠಿಯಲ್ಲಿ ‘ಪುನರ್ವಿಕಾಸ’. ಅದರ ಅರ್ಥ ಮುಂಬಯಿಯವರನ್ನು ಕೇಳಿ. 1920ರ ದಶಕದಲ್ಲಿ ಸರ್ಕಾರ ಕಟ್ಟಿಸಿದ ಬಿಡಿಡಿ ಚಾಳುಗಳ (ಸಾಲು ಸಾಲು ಒಂದೇ ಕೋಣೆಯ ಮನೆಗಳ ಕಟ್ಟಡ) ಪುನರ್ವಿಕಾಸ ಅಂದರೆ 160 ಚದರಡಿಯ ಖೋಲಿ ಕೆಡವಿ, ಎತ್ತರದ ಕಟ್ಟಡದಲ್ಲಿ 500 ಚದರಡಿಯ ಫ್ಲಾಟ್ ಕೊಡುವುದು. ಇದ್ದವರಿಗೆ ಮೂರು ಪಟ್ಟು ಜಾಗ, ಬೇಡ ಅನ್ನೋಕೆ ನಾವ್ಯಾರು? ಆದರೆ ಚಾಳು ಉಳಿಯಲ್ಲ. ನನಗೆ ಬೇಕಾದ್ದು ಅದರ ಉಲ್ಟಾ.

ಮೈಸೂರು ಕಡೆಯ ಗೆಳೆಯರೊಬ್ಬರು “ವಾಡೆ ಅಂದ್ರೆ ವಠಾರನಾ?” ಅಂತ ಕೇಳಿದರು. ಅಲ್ಲ. ನಮ್ಮ ಕಡೆ ವಾಡೆ ಅಂದರೆ ದೇಸಾಯರ ಮನೆ, ಸುತ್ತ ಎತ್ತರದ ಗೋಡೆ. ಮರಾಠಿಯ ‘ವಾಡಾ’ ಕೂಡ ಅದೇ, ಎರಡರ ಬೇರೂ ಸಂಸ್ಕೃತದ ‘ವಾಟ’, ಅಂದರೆ ಆವರಣ. ಹುಟ್ಟಿನಲ್ಲಿ ಒಂದು ಮನೆತನದ್ದು. ಆದರೆ ಗೆಳೆಯರ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದೂ ಅಲ್ಲ. ಪುಣೆಯ ವಾಡೆಗಳಲ್ಲಿ ಬಾಡಿಗೆದಾರರು ತುಂಬಿಕೊಂಡರು. 1947ರ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಮಾಲೀಕರು ರಿಪೇರಿ ಕೈಬಿಟ್ಟರು. ಹೆಸರು ವಾಡೆ, ಬಾಳು ವಠಾರದ್ದು. ಹಾಗಾಗಿ ‘ವಾಡೆಯನ್ನು ಮನೆಗಳಾಗಿ ಮಾಡಿದರು’ ಅನ್ನುವುದೂ ಪೂರ್ತಿ ನಿಜ ಅಲ್ಲ. ಮನೆಗಳು ಮೊದಲೇ ಇದ್ದವು, ನಳ ಮಾತ್ರ ಎಲ್ಲರಿಗೂ ಒಂದೇ.

ಮೊನ್ನೆ ಒಳಗೆ ಹೋಗಿದ್ದೆ. ಗೌಂಡಿ ವಿಜಯಪುರ ಕಡೆಯವರು. ಕೆಲಸ ಹೇಗೆ ಅಂತ ಕೇಳಿದ್ದಕ್ಕೆ, “ಇದು ಚಲೋ ಐತ್ರಿ. ಆಚೀ ಓಣ್ಯಾಗ ಮಾರಿ ಇಟ್ಟು ಹೊಟ್ಟಿ ತಗದಾರ” ಅಂದರು. ಅಂದರೆ ಬೀದಿಗೆ ಕಾಣುವ ಗೋಡೆ ಮಾತ್ರ ಹಳೇದು, ಹಿಂದೆ ಎಲ್ಲ ಕಾಂಕ್ರೀಟು. ಇಲ್ಲಿ ಒಂದು ಕಂಬದ ಬುಡ ತೇವಕ್ಕೆ ಪುಡಿಯಾಗಿತ್ತು. ಮೊಳದಷ್ಟು ಕತ್ತರಿಸಿ ಹೊಸ ಸಾಗುವಾನಿ ಕೂಡಿಸಿದ್ದರು. ಹಳೇದು ಕಪ್ಪು, ಹೊಸದು ಜೇನಿನ ಬಣ್ಣ. “ಕಂಬಕ್ಕ ಕಾಲು ಕೊಟ್ಟೇವ್ರಿ” ಅಂದರು. ನಾನು ಹುಡುಕಿದ ಸಂಸ್ಕೃತ ಪದಗಳಿಗಿಂತ ಇದು ಜಾಸ್ತಿ ಕನ್ನಡ ಅನ್ನಿಸಿತು.

ನನ್ನ ತಲೆಗೆ ಬಂದದ್ದು ‘ಮರುಒಕ್ಕಲು’. ಬಾಡಿಗೆದಾರರನ್ನು ಹೊರಹಾಕಿದರೆ ‘ಒಕ್ಕಲೆಬ್ಬಿಸಿದರು’ ಅನ್ನುತ್ತೇವೆ. ಹೊಸ ಮನೆ ಹೊಕ್ಕರೆ ‘ಮನೆ ಒಕ್ಕಲು’. ಹಾಗಿದ್ದರೆ ಹಳೇ ಮನೆಗೆ ಮತ್ತೆ ಜನ ಬಂದರೆ? ಹಳೇ ಮೈಸೂರಿನವರಿಗೆ ಒಕ್ಕಲು ಅಂದ ಕೂಡಲೆ ಬೇಸಾಯದವರು ನೆನಪಾಗುತ್ತಾರಾ? ಅದೇ ನನ್ನ ಅಳುಕು.

ಇನ್ನೊಂದು ಸಣ್ಣದು. ದೊಡ್ಡ ಬಾಗಿಲಲ್ಲೇ ಕೊರೆದ ಚಿಕ್ಕ ಬಾಗಿಲಿಗೆ ಇಲ್ಲಿ ‘ದಿಂಡಿ’ ಅನ್ನುತ್ತಾರೆ. ನಮ್ಮ ‘ದಿಡ್ಡಿ’ ಅದೇನಾ, ಅಥವಾ ನಿಮ್ಮ ಕಡೆ ದಿಡ್ಡಿ ಅಂದರೆ ಬರೀ ಹಿತ್ತಲ ಬಾಗಿಲಾ? ಸಂಚಿಕೆ ಪ್ರೆಸ್ಸಿಗೆ ಹೋಗಲು ಹತ್ತು ದಿನ ಇದೆ.