ಹಳೇ ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ, ಅಪ್ಪನ ಹಾಡುಗಳೆಲ್ಲ ಅದರೊಳಗೇ ಇವೆ

ಡೊಂಬಿವಲಿ ಸ್ಲೋ ಲೋಕಲ್:
ನಮಸ್ಕಾರ. ಅಪ್ಪನದು 2012ರ ಲ್ಯಾಪ್‌ಟಾಪ್, ಎರಡು ಮಳೆಗಾಲ ಅಟ್ಟದ ಮೇಲೇ ಇತ್ತು. ಮೊನ್ನೆ ಇಳಿಸಿ ಅಡಾಪ್ಟರ್ ಚುಚ್ಚಿ ಬಟನ್ ಒತ್ತಿದರೆ ಫ್ಯಾನ್ ಇಲ್ಲ, ಬೀಪ್ ಇಲ್ಲ, ಒಂದು ದೀಪವೂ ಇಲ್ಲ. ಸ್ಟೇಶನ್ ಹತ್ತಿರದ ರಿಪೇರಿಯವನು ಸ್ಕ್ರೂ ಕೂಡ ಬಿಚ್ಚಲಿಲ್ಲ, ತರಕಾರಿ ತೂಗುವ ಹಾಗೆ ಕೈಯಲ್ಲಿ ಹಿಡಿದು ನೋಡಿ "ಮದರ್‌ಬೋರ್ಡ್ ಗಯಾ" ಅಂದ, 7 ಸಾವಿರ ಕೇಳಿದ. ಅಪ್ಪ ಭಜನಾ ಮಂಡಳಿಗೆ ಅಂತ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಟ್ಟ 140 ದಾಸರ ಪದಗಳು ಅದರಲ್ಲೇ ಇವೆ, ಬೇರೆ ಕಡೆ ಕಾಪಿ ಇಲ್ಲ (ಬೈಯಬೇಡಿ, ಮನೆಯಲ್ಲೇ ಸಾಕಷ್ಟು ಆಗಿದೆ). ನವರಾತ್ರಿಗೆ ಬೇಕು. ಏನು ಮಾಡಲಿ?

ಮಾಟುಂಗಾ ಫಿಲ್ಟರ್ ಕಾಫಿ:
ಮೊದಲು ಸಮಾಧಾನ ಮಾಡಿಕೊಳ್ಳಿ. ಹಾಡುಗಳು ಮದರ್‌ಬೋರ್ಡ್‌ನಲ್ಲಿಲ್ಲ, ಹಾರ್ಡ್‌ಡಿಸ್ಕ್‌ನಲ್ಲಿವೆ. ಆ ಕಾಲದ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಎರಡೂವರೆ ಇಂಚಿನ ಸಾಟಾ ಡಿಸ್ಕ್ (ಸಾಟಾ ಅಂದರೆ ಡಿಸ್ಕ್ ಜೋಡಿಸುವ ಕನೆಕ್ಟರ್‌ನ ಬಗೆ) ಇರುತ್ತದೆ. ಅದನ್ನು ಹೊರಗೆ ತೆಗೆದು ಸಾಟಾದಿಂದ ಯುಎಸ್‌ಬಿಗೆ ಹೋಗುವ ಕೇಬಲ್ ಹಾಕಿ ಬೇರೆ ಕಂಪ್ಯೂಟರ್‌ಗೆ ಚುಚ್ಚಿದರೆ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತದೆ. ಇದನ್ನು ಮೊದಲು ಮಾಡಿ, ಆಮೇಲೆ ಮಷೀನ್ ಕಥೆ ನೋಡೋಣ.

ಮಷೀನ್‌ಗೆ: ಬ್ಯಾಟರಿ ತೆಗೆಯಿರಿ, ಅಡಾಪ್ಟರ್ ತೆಗೆಯಿರಿ, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಚಾರ್ಜ್ ಇಳಿದುಹೋಗಲಿ. ಆಮೇಲೆ ಬ್ಯಾಟರಿ ಇಲ್ಲದೆ ಬರೀ ಅಡಾಪ್ಟರ್‌ನಲ್ಲಿ ಆನ್ ಮಾಡಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಅದನ್ನು ಅದುಮಲು ಹೋಗಬೇಡಿ, ಚಾರ್ಜೂ ಮಾಡಬೇಡಿ.

ವಾಶಿ ಸೇತುವೆ:
ರ‍್ಯಾಮ್ (ಒಳಗಿನ ಮೆಮೊರಿ ಪಟ್ಟಿ) ತೆಗೆದು ಅದರ ಕಾಲುಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ ಹಾಕಿ. ನನ್ನದು ಹಾಗೇ ಸರಿಹೋಯಿತು.

ಪುಣೆ ಬೆಸುಗೆಕಡ್ಡಿ:
ರಬ್ಬರ್ ವೈದ್ಯ ಇಲ್ಲಿ ನಡೆಯಲ್ಲ. ರ‍್ಯಾಮ್ ಕೆಟ್ಟಿದ್ದರೆ ಸ್ಕ್ರೀನ್ ಕಪ್ಪಗಿರುತ್ತದೆ, ಆದರೆ ದೀಪವಾದರೂ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ. ಇವರದ್ದರಲ್ಲಿ ಏನೂ ಇಲ್ಲ ಅಂದರೆ ಕರೆಂಟೇ ಒಳಗೆ ಹೋಗುತ್ತಿಲ್ಲ. ಒಂದು ಪ್ರಶ್ನೆ, ಅಡಾಪ್ಟರ್ ಮೇಲೆ ಪುಟ್ಟ ದೀಪ ಇದೆಯಾ? ಲ್ಯಾಪ್‌ಟಾಪ್‌ಗೆ ಚುಚ್ಚಿದಾಗ ಅದು ಏನಾಗುತ್ತದೆ?

ಡೊಂಬಿವಲಿ ಸ್ಲೋ ಲೋಕಲ್:
30 ಸೆಕೆಂಡ್ ಒತ್ತಿದೆ, ಪ್ರಯೋಜನ ಆಗಲಿಲ್ಲ. ಆದರೆ ದೀಪದ ವಿಷಯ ನೀವು ಕೇಳಿದ ಮೇಲೆ ನೋಡಿದೆ! ಗೋಡೆಗೆ ಹಾಕಿದರೆ ಹತ್ತುತ್ತದೆ, ಲ್ಯಾಪ್‌ಟಾಪ್‌ಗೆ ಚುಚ್ಚಿದ ಕೂಡಲೇ ಆರುತ್ತದೆ. ಬ್ಯಾಟರಿ ತೆಗೆದರೂ ಅಷ್ಟೇ. ಅಡಾಪ್ಟರ್ ಹೋಗಿದೆ ಅಲ್ವಾ?

ಪುಣೆ ಬೆಸುಗೆಕಡ್ಡಿ:
ಮೊದಲೇ ಅಡಾಪ್ಟರ್ ಮೇಲೆ ಅನುಮಾನ ಬೇಡ. ಎಲ್ಲೋ ಶಾರ್ಟ್ (ಕರೆಂಟ್ ಸರಿದಾರಿ ಬಿಟ್ಟು ನೇರ ಅಡ್ಡದಾರಿ ಹಿಡಿಯುವುದು) ಇದ್ದಾಗ ಒಳ್ಳೆ ಅಡಾಪ್ಟರ್ ತನ್ನನ್ನು ಉಳಿಸಿಕೊಳ್ಳಲು ಹಾಗೆ ಆಫ್ ಆಗುತ್ತದೆ. ಈಗ ಹುಡುಕಬೇಕಾದ್ದು ಶಾರ್ಟ್ ಎಲ್ಲಿದೆ ಅಂತ. ಎಷ್ಟೋ ಮಾಡೆಲ್‌ಗಳಲ್ಲಿ ಚಾರ್ಜಿಂಗ್ ಜ್ಯಾಕ್ ಬೋರ್ಡ್‌ಗೆ ಅಂಟಿರುವುದಿಲ್ಲ, ಚಿಕ್ಕ ವೈರ್ ಮತ್ತು ಕನೆಕ್ಟರ್ ಮೂಲಕ ಸೇರಿರುತ್ತದೆ. ಬ್ಯಾಟರಿ ತೆಗೆದು, ಹಿಂಬದಿ ಮುಚ್ಚಳ ಬಿಚ್ಚಿ, ಆ ಕನೆಕ್ಟರ್ ಬೋರ್ಡ್‌ನಿಂದ ಕಳಚಿ. ಈಗ ಅಡಾಪ್ಟರ್ ಚುಚ್ಚಿ. ದೀಪ ಹತ್ತಿಯೇ ಇದ್ದರೆ ಶಾರ್ಟ್ ಬೋರ್ಡ್‌ನಲ್ಲಿದೆ, ಕೆಲಸ ದೊಡ್ಡದು. ಆಗಲೂ ಆರಿದರೆ ಜ್ಯಾಕ್ ಒಂದೇ ಕೆಟ್ಟಿದೆ. ಎರಡು ಮಳೆಗಾಲದ ತೇವಕ್ಕೆ ಜ್ಯಾಕ್ ಒಳಗೆ ಹಸಿರು ಕಿಲುಬು ಹಿಡಿದಿದ್ದರೆ ನನಗೇನೂ ಆಶ್ಚರ್ಯ ಇಲ್ಲ.

ಡೊಂಬಿವಲಿ ಸ್ಲೋ ಲೋಕಲ್:
ಆರಿತು! ಇಷ್ಟು ಖುಷಿಯಿಂದ ದೀಪ ಆರಿದ್ದನ್ನು ಯಾರೂ ನೋಡಿರಲಿಕ್ಕಿಲ್ಲ. ಜ್ಯಾಕ್ ಒಳಗೆ ನೀವು ಹೇಳಿದ ಹಾಗೇ ಹಸಿರು. ಹೊಸದು ಎಲ್ಲಿ ಸಿಗುತ್ತದೆ?

ಮಾಟುಂಗಾ ಫಿಲ್ಟರ್ ಕಾಫಿ:
ಮುಂಬೈಯ ಎಲೆಕ್ಟ್ರಾನಿಕ್ಸ್ ಬಜಾರ್ ಲ್ಯಾಮಿಂಗ್ಟನ್ ರೋಡ್, ಮತ್ತೆಲ್ಲಿ. ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಲೈನ್ ಹಿಡಿದು ಗ್ರಾಂಟ್ ರೋಡ್‌ಗೆ ಹೋಗಿ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಹಳೇ ಜ್ಯಾಕ್ ಕೈಯಲ್ಲೇ ಹಿಡಿದುಕೊಂಡು ಹೋಗಿ, ಸುಮ್ನೆ ಮಾಡೆಲ್ ಹೆಸರು ಹೇಳಿದರೆ ಬೇರೆ ಅಳತೆಯದು ಕೊಟ್ಟುಬಿಡುತ್ತಾರೆ. ಡಿಸ್ಕ್ ಕೇಬಲ್ ಕೂಡ ಅಲ್ಲೇ ತೆಗೆದುಕೊಳ್ಳಿ.

ಡೊಂಬಿವಲಿ ಸ್ಲೋ ಲೋಕಲ್:
ಜ್ಯಾಕ್ ಹಾಕಿದೆ, 350 ರೂಪಾಯಿ, ಆನ್ ಆಯಿತು! ಗಡಿಯಾರ ಹಳೇ ವರ್ಷಕ್ಕೆ ಹೋಗಿ ಕೂತಿದೆ, ಇರಲಿ. ಫೈಲ್‌ಗಳನ್ನು ನನ್ನ ಹೊಸ ಕಂಪ್ಯೂಟರ್‌ಗೆ ಕಾಪಿ ಮಾಡಿದೆ. ಆದರೆ ಇಲ್ಲಿ ತೆರೆದರೆ ಕನ್ನಡದ ಬದಲು ಏನೇನೋ ಚಿತ್ರವಿಚಿತ್ರ ಅಕ್ಷರ. ಡಿಸ್ಕ್ ಕೆಟ್ಟಿದೆಯಾ?

ಪುಣೆ ಬೆಸುಗೆಕಡ್ಡಿ:
ಗಡಿಯಾರಕ್ಕೆ ಒಳಗಿನ ನಾಣ್ಯದಂಥ 3 ವೋಲ್ಟ್ ಸೆಲ್ ಬದಲಿಸಿ.

ಮಾಟುಂಗಾ ಫಿಲ್ಟರ್ ಕಾಫಿ:
ಡಿಸ್ಕ್ ಚೆನ್ನಾಗಿಯೇ ಇದೆ. ಅಪ್ಪ ಟೈಪ್ ಮಾಡಿದ್ದು ನುಡಿಯ ಹಳೇ ಫಾಂಟ್‌ನಲ್ಲಿ, ಯೂನಿಕೋಡ್‌ನಲ್ಲಿ (ಈಗಿನ ಎಲ್ಲ ಮೊಬೈಲ್, ಕಂಪ್ಯೂಟರ್‌ಗಳು ಓದುವ ಅಕ್ಷರ ಸಂಕೇತ) ಅಲ್ಲ. ನುಡಿ ಫಾಂಟ್ ಹಾಕಿಕೊಂಡರೆ ಕಾಣುತ್ತದೆ. ಆದರೆ ಮಂಡಳಿಯವರಿಗೆ ಮೊಬೈಲ್‌ನಲ್ಲಿ ಕಳಿಸಬೇಕಾದರೆ ಯೂನಿಕೋಡ್‌ಗೆ ಬದಲಿಸಲೇಬೇಕು, ಅದಕ್ಕೆ ಕನ್ವರ್ಟರ್‌ಗಳಿವೆ. ಮೂಲ ಫೈಲ್ ಹಾಗೇ ಇಟ್ಟುಕೊಳ್ಳಿ. ಬದಲಿಸಿದ ಮೇಲೆ ಒಂದು ಸಲ ಓದಿ, ಅರ್ಕಾವತ್ತು ಒಮ್ಮೊಮ್ಮೆ ತಪ್ಪು ಜಾಗಕ್ಕೆ ಬೀಳುತ್ತದೆ.

ಡೊಂಬಿವಲಿ ಸ್ಲೋ ಲೋಕಲ್:
ಬದಲಿಸಿ ಅಪ್ಪನನ್ನೇ ಓದಲು ಕೂರಿಸಿದ್ದೇನೆ. ಪ್ರತಿಯೊಂದನ್ನೂ ಪೂರ್ತಿ ಹಾಡಿಯೇ ತಿದ್ದುತ್ತಾರೆ, ದಿನಕ್ಕೆ ನಾಲ್ಕೂ ಮುಗಿಯುತ್ತಿಲ್ಲ.