ಐರಿಷ್ ಉಳಿಸುವ ಸರ್ಕಾರಿ ಯೋಜನೆ: 40% ಜನಕ್ಕೆ ಭಾಷೆ ಬರುತ್ತೆ, ಆಡೋರು ಎಲ್ಲಿ?

ನುಡಿಹುಳ ಕೇಳಿದ್ದು:
ಐರ್ಲೆಂಡ್ ಸರ್ಕಾರ 2010ರಲ್ಲಿ ಐರಿಷ್ ಭಾಷೆಗಾಗಿ 20 ವರ್ಷದ ಕಾರ್ಯತಂತ್ರ ಹೊರಡಿಸಿತು. ಶಾಲೆಯ ಹೊರಗೆ ದಿನವೂ ಐರಿಷ್ ಆಡುವವರ ಸಂಖ್ಯೆಯನ್ನು 83,000ದಿಂದ 2,50,000ಕ್ಕೆ ಏರಿಸುವುದು ಗುರಿ. 2022ರ ಜನಗಣತಿ ನೋಡಿದರೆ 40% ಜನ ‘ಬರುತ್ತೆ’ ಅಂದಿದ್ದಾರೆ. ಹಾಗಿದ್ದರೆ ಯೋಜನೆ ಫಲಿಸಿದೆ ಅನ್ನಬಹುದಾ? ಇನ್ನೊಂದು: 2012ರ ಕಾಯ್ದೆ ಪ್ರಕಾರ ಒಂದೊಂದು ಪ್ರದೇಶಕ್ಕೂ ಭಾಷಾ ಯೋಜನೆ ಮಾಡ್ತಾರಲ್ಲ, ಅದನ್ನ ಬರೆಯೋರು ಯಾರು?

ಅಂಕಿಸಂಖ್ಯೆ:
ಆ 40% ನೋಡಿ ಮೋಸಹೋಗಬೇಡಿ. ನಮ್ಮ ಜನಗಣತಿ ಮಾತೃಭಾಷೆ ಕೇಳುತ್ತೆ. ಅಲ್ಲಿ ಕೇಳೋದು ‘ಐರಿಷ್ ಮಾತಾಡೋಕೆ ಬರುತ್ತಾ’ ಅಂತ. ಶಾಲೆಯಲ್ಲಿ ಕಡ್ಡಾಯವಾಗಿ ಓದಿದವರು ಹೌದು ಅಂತ ಗುರುತು ಹಾಕ್ತಾರೆ. 2022ರಲ್ಲಿ ಹಾಗಂದವರು 18,73,997. ಎಷ್ಟು ಚೆನ್ನಾಗಿ ಬರುತ್ತೆ ಅಂತ ಆ ವರ್ಷ ಮೊದಲ ಸಲ ಕೇಳಿದಾಗ, ಅವರಲ್ಲೇ 55% ಮಂದಿ ‘ಅಷ್ಟೇನೂ ಬರಲ್ಲ’ ಅಂದರು.

ದಿನವೂ ಆಡುವವರು 6,23,961. ಅದರಲ್ಲಿ 5,51,993 ಮಂದಿ ಆಡೋದು ಶಾಲೆ ಕಾಲೇಜಿನ ಒಳಗೆ ಮಾತ್ರ, ಗಂಟೆ ಹೊಡೆದರೆ ಮುಗೀತು. ಉಳಿದವರು 71,968. 2011ರಲ್ಲಿ ಇದೇ ಲೆಕ್ಕ 77,185, 2016ರಲ್ಲಿ 73,803. ಎರಡೂವರೆ ಲಕ್ಷದತ್ತ ಏರಬೇಕಿದ್ದದ್ದು ಇಳೀತಾ ಬಂದಿದೆ. ಇದನ್ನ ಫಲಿಸಿದೆ ಅನ್ನೋಕೆ ಧೈರ್ಯ ಬೇಕು.

ಕಡಲತಡಿ:
ಎರಡನೇ ಪ್ರಶ್ನೆಗೆ. ಐರಿಷ್ ಇನ್ನೂ ಊರಿನ ಮಾತಾಗಿರುವ ಸೀಮೆಗಳಿಗೆ ಗೇಲ್ಟಾಕ್ಟ್ ಅಂತಾರೆ. ಡೊನೆಗಾಲ್, ಮೇಯೋ, ಗಾಲ್ವೇ, ಕೆರಿ, ಕಾರ್ಕ್, ವಾಟರ್‌ಫರ್ಡ್, ಮೀತ್ ಹೀಗೆ 7 ಕೌಂಟಿಗಳಲ್ಲಿ ಚದುರಿಕೊಂಡಿವೆ. ಮೊದಲು ನಕ್ಷೆಯಲ್ಲಿ ಗೆರೆ ಎಳೆದರೆ ಆಯ್ತು, ಆ ಊರು ಗೇಲ್ಟಾಕ್ಟ್. 2012ರ ಕಾಯ್ದೆ ಇದನ್ನ ಬದಲಿಸಿ ಇಡೀ ಸೀಮೆಯನ್ನ 26 ಭಾಷಾ ಯೋಜನಾ ಪ್ರದೇಶಗಳಾಗಿ ಹಂಚಿತು. ಈಗ ಮಾನ್ಯತೆ ಉಳಿಯಬೇಕಾದರೆ ಯೋಜನೆ ಇರಲೇಬೇಕು.

ಬರೆಯೋರು ಸರ್ಕಾರದವರಲ್ಲ, ಊರಿನವರೇ. ಸ್ಥಳೀಯ ಸಹಕಾರ ಸಂಘವೋ ಸಮುದಾಯ ಸಂಸ್ಥೆಯೋ ಅರ್ಜಿ ಹಾಕುತ್ತೆ. ಊದರಾಸ್ ನಾ ಗೇಲ್ಟಾಕ್ಟಾ ಅನ್ನೋ ಪ್ರಾಧಿಕಾರ ಅದರಲ್ಲೊಂದನ್ನ ಆರಿಸುತ್ತೆ. ಆಮೇಲೆ ಯೋಜನೆ ತಯಾರಿಗೆ ಎರಡು ವರ್ಷ: ಸಮೀಕ್ಷೆ, ಮನೆ, ಶಿಶುವಿಹಾರ, ಶಾಲೆ, ಅಂಗಡಿ, ಚರ್ಚ್, ಕ್ರೀಡಾ ಕ್ಲಬ್ ಎಲ್ಲೆಲ್ಲಿ ಯಾವ ಭಾಷೆ ಓಡ್ತಿದೆ ಅನ್ನೋ ಲೆಕ್ಕ. ಮಂತ್ರಿ ಒಪ್ಪಿದರೆ ಜಾರಿಗೆ ಏಳು ವರ್ಷ. ಹಣ ಊದರಾಸ್ ಮೂಲಕ ಬರುತ್ತೆ. ಮೊದಲ ಖರ್ಚು ಭಾಷಾ ಯೋಜನಾ ಅಧಿಕಾರಿಯ ಸಂಬಳ. ಯೋಜನೆ ಬರದಿದ್ದರೆ ಅಥವಾ ಜಾರಿಯಾಗದಿದ್ದರೆ ಮಾನ್ಯತೆ ತೆಗೆಯುವ ಅಧಿಕಾರ ಮಂತ್ರಿಗಿದೆ.

ಎಡವಟ್ಟು ಇಲ್ಲೇ ಇರೋದು. ಗೇಲ್ಟಾಕ್ಟಿನಲ್ಲಿ ಐರಿಷ್ ಬಳಕೆ ಬಗ್ಗೆ 2007ರಲ್ಲಿ ಬಂದ ಸಮಗ್ರ ಅಧ್ಯಯನ ಹೇಳಿದ್ದೇನು? ಒಂದು ಊರಲ್ಲಿ ದಿನವೂ ಆಡುವವರು 67%ಕ್ಕಿಂತ ಕಡಿಮೆಯಾದರೆ ಅಲ್ಲಿ ಐರಿಷ್ ಬೀದಿಯ ಮಾತಾಗಿ ನಿಲ್ಲಲ್ಲ. ಯಾಕಂದ್ರೆ ಗುಂಪಲ್ಲಿ ಒಬ್ಬ ಇಂಗ್ಲಿಷಿನವನಿದ್ದರೂ ಎಲ್ಲರೂ ಅವನ ಭಾಷೆಗೆ ಹೊರಳ್ತಾರೆ. ಬೆಂಗಳೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. 2011ರ ಜನಗಣತಿ ಲೆಕ್ಕದಲ್ಲಿ ಗೇಲ್ಟಾಕ್ಟಿನ 155 ಚುನಾವಣಾ ವಿಭಾಗಗಳ ಪೈಕಿ 21 ಮಾತ್ರ ಆ ಗೆರೆ ದಾಟಿದ್ದವು. ಇಷ್ಟು ದೊಡ್ಡ ಕೆಲಸ ಒಬ್ಬ ಅಧಿಕಾರಿ, ಒಂದಷ್ಟು ಸ್ವಯಂಸೇವಕರ ತಲೆ ಮೇಲೆ.

ನುಡಿಹುಳ:
ಧನ್ಯವಾದ ಸರ್. ಸರ್ಕಾರಿ ಕಚೇರಿಗಳೇ ಐರಿಷಲ್ಲಿ ವ್ಯವಹರಿಸೋ ಹಾಗೆ ಕಾನೂನು ಇಲ್ವಾ?

ಕಡತಯಜ್ಞ:
ಇದೆ, 2003ರ ಅಧಿಕೃತ ಭಾಷೆಗಳ ಕಾಯ್ದೆ. ಆದರೆ ಯಾವ ಸೇವೆ ಐರಿಷಲ್ಲಿ ಅಂತ ಒಂದೊಂದು ಕಚೇರಿಯೂ ತನ್ನದೇ ‘ಸ್ಕೀಮ್’ ಬರೆದುಕೊಳ್ಳಬೇಕಿತ್ತು. ಪರೀಕ್ಷೆ ಬರೆಯುವವನೇ ಪ್ರಶ್ನೆಪತ್ರಿಕೆ ತಯಾರಿಸಿದ ಹಾಗೆ. ಎಷ್ಟೋ ಸ್ಕೀಮ್‌ಗಳು ಅವಧಿ ಮುಗಿದರೂ ನವೀಕರಣವಾಗದೆ ಬಿದ್ದಿದ್ದವು. ಕಾಯ್ದೆ ಪಾಲನೆ ಆಗ್ತಿದೆಯಾ ಅಂತ ನೋಡೋ ಮೊದಲ ಭಾಷಾ ಆಯುಕ್ತ ಷಾನ್ ಓ ಕುರ್ರಾನ್ ಸರ್ಕಾರದ ನಿರಾಸಕ್ತಿಗೆ ಬೇಸತ್ತು 2014ರಲ್ಲಿ ಹುದ್ದೆ ಬಿಟ್ಟರು.

2021ರ ತಿದ್ದುಪಡಿ ಹಲ್ಲಿರೋದು. ಸ್ಕೀಮ್ ಬದಲು ಮಂತ್ರಿ ನಿಗದಿಪಡಿಸುವ ಮಾನದಂಡಗಳು. 2030ರ ಕೊನೆಗೆ ಸಾರ್ವಜನಿಕ ಸೇವೆಗೆ ಹೊಸದಾಗಿ ಸೇರುವವರಲ್ಲಿ 20% ಐರಿಷ್ ಬಲ್ಲವರು. ಜಾಹೀರಾತಲ್ಲಿ 20% ಐರಿಷಲ್ಲಿ, ಜಾಹೀರಾತು ವೆಚ್ಚದಲ್ಲಿ ಕನಿಷ್ಠ 5% ಐರಿಷ್ ಮಾಧ್ಯಮಗಳಿಗೆ. ಹೆಸರು, ವಿಳಾಸವನ್ನ ಐರಿಷ್ ರೂಪದಲ್ಲೇ ದಾಖಲಿಸಬೇಕು ಅನ್ನೋದೂ ಇದೆ. ಸಣ್ಣದು ಅನ್ನಿಸಬಹುದು, ಆದರೆ ಹಳೆ ಕಂಪ್ಯೂಟರ್ ವ್ಯವಸ್ಥೆಗಳು ಸ್ವರದ ಮೇಲಿನ ಫಾದಾ ಗುರುತನ್ನ ನುಂಗಿಹಾಕ್ತವೆ. ‘ಷಾನ್’ ಹೆಸರಿಂದ ಫಾದಾ ಹೋದರೆ ಉಳಿಯೋ ಪದಕ್ಕೆ ‘ಹಳೆಯ’ ಅಂತ ಅರ್ಥ. ಕನ್ನಡದಲ್ಲಿ ದೀರ್ಘ ಬಿಟ್ಟರೆ ರಾಮ ರಮ ಆಗಲ್ವಾ, ಹಾಗೆ.

20% ಗುರಿಯ ತೊಡಕು ಏನಂದ್ರೆ ಅದು ಒಟ್ಟು ನೇಮಕಾತಿಯ ಲೆಕ್ಕ. ಐರಿಷ್ ಬಲ್ಲ ಗುಮಾಸ್ತ ಡಬ್ಲಿನ್‌ನಲ್ಲಿ ಕೂತರೆ ಡೊನೆಗಾಲ್‌ನ ಕೌಂಟರಿಗೆ ಬಂದವನಿಗೆ ಉಪಯೋಗವಿಲ್ಲ.

ಕಡಲತಡಿ:
ಮನೆ ವಿಷಯ ಬಿಟ್ಟುಹೋಯ್ತು. 2022ರಲ್ಲಿ ಗೇಲ್ಟಾಕ್ಟ್ ಜನಸಂಖ್ಯೆ 1,06,220, 2016ರಲ್ಲಿ 99,617 ಇತ್ತು. ಜನ ಆರೂವರೆ ಸಾವಿರ ಹೆಚ್ಚಿದರೂ ದಿನವೂ ಐರಿಷ್ ಆಡುವವರು 20,586ರಿಂದ 20,261ಕ್ಕೆ ಇಳಿದರು. ಕಡಲ ಪಕ್ಕದ ಮನೆಗಳು ರಜೆ ಕಳೆಯೋರ ಪಾಲು, ಐರಿಷ್ ಆಡೋ ಗಂಡಹೆಂಡಿರಿಗೆ ಬಾಡಿಗೆಗೂ ಮನೆ ಸಿಗಲ್ಲ. ಕಟ್ಟಡ, ಭೂಬಳಕೆಯ ಯೋಜನಾ ಕಾನೂನಿನ ಪ್ರಕಾರ ಕೌಂಟಿಯ ಅಭಿವೃದ್ಧಿ ಯೋಜನೆ ಗೇಲ್ಟಾಕ್ಟಿನ ಭಾಷೆಯನ್ನ ಕಾಯಬೇಕು. ಅದರ ಮೇಲೆ ಹೊಸ ಬಡಾವಣೆಗೆ ‘ಇಷ್ಟು ಮನೆ ಐರಿಷ್ ಆಡೋರಿಗೆ’ ಅಂತ ಷರತ್ತು ಹಾಕಬಹುದು, ಹಾಕ್ತಾರೆ ಕೂಡ. ಆದರೆ ಈಗಾಗಲೇ ಕಟ್ಟಿರೋ ಮನೆ ಕೈ ಬದಲಾಗುವಾಗ ಆ ಷರತ್ತಿಗೆ ಹಿಡಿತವಿಲ್ಲ. ಭಾಷಾ ಯೋಜನಾ ಅಧಿಕಾರಿಗಂತೂ ಮನೆ ಮಂಜೂರು ಮಾಡೋ ಅಧಿಕಾರವೇ ಇಲ್ಲ.