ತಂತ್ರಾಂಶದ ಬಿಡುಗಡೆಗೆ ಎಷ್ಟು ಚಾನೆಲ್ ಬೇಕು, ಆವೃತ್ತಿ ಸಂಖ್ಯೆ ಹೇಗಿರಬೇಕು? ನಿಮ್ಮ ಅನುಭವ ತಿಳಿಸಿ

ಕೇಳಿದವರು: ನುಡಿ, ಬರಹ ತಂತ್ರಾಂಶಗಳ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಪುಟ್ಟ ಮುಕ್ತ ಕೋಡ್ ಲೈಬ್ರರಿಯೊಂದನ್ನು ನಾವಿಬ್ಬರು ನೋಡಿಕೊಳ್ಳುತ್ತಿದ್ದೇವೆ. ಈಗ 0.9ರಲ್ಲಿದೆ. ಬೇರೆಯವರೂ ತಮ್ಮ ಕೋಡ್‌ನಲ್ಲಿ ಬಳಸತೊಡಗಿದ್ದಾರೆ. 1.0 ಎಂದು ಯಾವಾಗ ಕರೆಯಬೇಕು? ನೈಟ್ಲಿ (ದಿನದಿನದ ಕಚ್ಚಾ ಆವೃತ್ತಿ), ಬೀಟಾ (ಪರೀಕ್ಷೆಗೆ ಬಿಡುವ ಆವೃತ್ತಿ) ಎಂಬ ಚಾನೆಲ್ ಎಲ್ಲ ಬೇಕೇ?

ಡೆಬಿಯನ್ ಎಂಬ ಲಿನಕ್ಸ್ ವಿತರಣೆಗೆ ಪ್ಯಾಕೇಜ್ ಸಿದ್ಧಪಡಿಸುವವರು: ಪರೀಕ್ಷಿಸುವ ಜನ ಎಷ್ಟಿದ್ದಾರೆ ಎಂದು ಮೊದಲು ನೋಡಿಕೊಳ್ಳಿ. ನಮ್ಮಲ್ಲಿ ಹೊಸ ಪ್ಯಾಕೇಜ್ ಮೊದಲು ಅನ್‌ಸ್ಟೇಬಲ್ ಎಂಬ ಚಾನೆಲ್‌ಗೆ ಹೋಗುತ್ತದೆ. ಕೆಲವು ದಿನ ಅಲ್ಲಿದ್ದು, ಬಿಡುಗಡೆಗೆ ಅಡ್ಡಿಯಾಗುವಂಥ ಹೊಸ ದೋಷ ವರದಿಯಾಗದಿದ್ದರೆ ಟೆಸ್ಟಿಂಗ್‌ಗೆ ದಾಟುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗ್ ಸ್ಟೇಬಲ್ ಆಗುತ್ತದೆ. 2023ರ ಜೂನ್‌ನಲ್ಲಿ ಡೆಬಿಯನ್ 12, 2025ರ ಆಗಸ್ಟ್‌ನಲ್ಲಿ 13 ಬಂದದ್ದು ಹೀಗೆಯೇ. ದಿನನಿತ್ಯದ ಕೆಲಸಕ್ಕೆ ಅನ್‌ಸ್ಟೇಬಲ್ ಬಳಸುವವರು ಸಾಕಷ್ಟು ಇರುವುದರಿಂದಲೇ ಆ ಕೆಲವು ದಿನಗಳ ಕಾಯುವಿಕೆಗೆ ಅರ್ಥವಿದೆ. ಫೈರ್‌ಫಾಕ್ಸ್ ಕೂಡ 2011ರಲ್ಲಿ ತಂದ ನೈಟ್ಲಿ, ಬೀಟಾಗಳ ನಡುವಿನ ಅರೋರಾ ಚಾನೆಲನ್ನು 2017ರಲ್ಲಿ ಕೈಬಿಟ್ಟಿತು. ನೀವಿಬ್ಬರಿಗೆ ಸ್ಥಿರ ಬಿಡುಗಡೆ, ಅದಕ್ಕೆ ಮುಂಚೆ ಒಂದು ಆರ್‌ಸಿ (ರಿಲೀಸ್ ಕ್ಯಾಂಡಿಡೇಟ್, ಅಂದರೆ ಕೊನೆಯ ಪರೀಕ್ಷೆಗೆ ಬಿಡುವ ಆವೃತ್ತಿ) ಸಾಕು.

ಆರ್‌ಸಿಯ ಹೆಸರಿನಲ್ಲಿ ಎಚ್ಚರವಿರಲಿ. ಡೆಬಿಯನ್‌ನಲ್ಲಿ 1.0~ಆರ್‌ಸಿ1 ಎಂದು ಬರೆಯುತ್ತೇವೆ. ಆ ಅಲೆಗೆರೆ ಇದ್ದರೆ ಅದು 1.0ಕ್ಕಿಂತ ಹಳೆಯದೆಂದು ಲೆಕ್ಕ. ಗೆರೆ ಬಿಟ್ಟರೆ ಆರ್‌ಸಿಯೇ ಹೊಸದಾಗಿಬಿಡುತ್ತದೆ, ಬಳಕೆದಾರರ ಗಣಕ ನಿಜವಾದ 1.0ಕ್ಕೆ ಏರುವುದೇ ಇಲ್ಲ.

ಇನ್ನೊಬ್ಬರು: ಸಂಖ್ಯೆಯ ವಿಚಾರ ನಾನು ಹೇಳುತ್ತೇನೆ. ಉಬುಂಟು 24.04 ಎಂದರೆ 2024ರ ಏಪ್ರಿಲ್. 2006ರಲ್ಲಿ ಬಿಡುಗಡೆ ಏಪ್ರಿಲ್‌ನಿಂದ ಜೂನ್‌ಗೆ ಹೋದಾಗ ಸಂಖ್ಯೆಯೂ 6.06 ಆಯಿತು. ಲಿಬ್ರೆಆಫೀಸ್ 7.6ರಿಂದ 24.2ಕ್ಕೆ ಹಾರಿದ್ದೂ ಇದೇ ಲೆಕ್ಕದಲ್ಲಿ. ನಿಮ್ಮದು ಇತರರ ಕೋಡ್‌ನೊಳಗೆ ಸೇರುವ ವಸ್ತು. ತಿಂಗಳು ತಿಳಿದು ಅವರಿಗೆ ಆಗಬೇಕಾದ್ದೇನಿಲ್ಲ. ಸೆಮ್ಯಾಂಟಿಕ್ ವರ್ಷನಿಂಗ್ ಹಿಡಿಯಿರಿ: ಹಳೆಯ ಬಳಕೆ ಮುರಿದರೆ ಮೊದಲ ಅಂಕಿ, ಹೊಸ ಸೌಲಭ್ಯ ಸೇರಿದರೆ ಎರಡನೆಯದು, ದೋಷ ತಿದ್ದಿದರೆ ಮೂರನೆಯದು ಏರಬೇಕು. 0 ಇರುವವರೆಗೆ ಏನು ಬೇಕಾದರೂ ಬದಲಾಗಬಹುದು ಎನ್ನುತ್ತದೆ ಆ ನಿಯಮ. ಜನ ನಿಮ್ಮನ್ನು ನಂಬಿ ಕೋಡ್ ಬರೆದಾಗಿದೆ, ಆದ್ದರಿಂದ ಈಗಲೇ 1.0 ಎನ್ನಿ.

ಫಂಕ್ಷನ್‌ನ ಹೆಸರು ಬದಲಾದರೆ ಮಾತ್ರ ಬಳಕೆ ಮುರಿಯುತ್ತದೆ ಎಂದುಕೊಳ್ಳಬೇಡಿ. ಇಂದು ‘ಸೂರ್ಯ’ ಅರ್ಕಾವತ್ತಿನೊಡನೆ ಬರುತ್ತಿದೆ. ನಾಳೆ ರಕಾರವನ್ನು ಪೂರ್ತಿ ಬರೆದು ಯ ಒತ್ತು ಕೊಡುವಂತೆ ಬದಲಿಸಿದಿರಿ ಎನ್ನಿ. ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದು ಸೇರಿಕೊಂಡಿತು. ಓದುವವರಿಗೆ ಎರಡೂ ಒಂದೇ, ಆದರೆ ಒಂದನ್ನು ಹುಡುಕಿದರೆ ಮತ್ತೊಂದು ಸಿಗದೇ ಹೋಗಬಹುದು. ಅಂಥ ಬದಲಾವಣೆಗೆ 2.0 ಎಂದೇ ಹೆಸರಿಡಬೇಕು.

ಮತ್ತೊಬ್ಬರು: ಆವೃತ್ತಿಯನ್ನು ದಶಮಾಂಶದಂತೆ ಓದುವ ಕೋಡ್ ಎಲ್ಲಾದರೂ ಇದೆಯೇ ನೋಡಿ. ಪೈಥಾನ್ 3.10 ಬಂದಾಗ, ಸೆಟ್ಟಿಂಗ್‌ಗಳನ್ನು ಬರೆದಿಡುವ ಯಾಮಲ್ ಕಡತದಲ್ಲಿ ಉದ್ಧರಣ ಚಿಹ್ನೆಯಿಲ್ಲದೆ ಹಾಗೆ ಬರೆದಿದ್ದ ಕಡೆ ಗಣಕ ಅದನ್ನು 3.1 ಎಂದು ಓದಿತು. ಇನ್ನೊಂದು, ಪ್ರಕಟಿಸಿದ ಸಂಖ್ಯೆಯಡಿ ಕಡತವನ್ನು ಸದ್ದಿಲ್ಲದೆ ಬದಲಿಸಬೇಡಿ. ಸಣ್ಣ ತಪ್ಪಿದ್ದರೂ 1.0.1 ಬಿಡಿ. ಪೈಥಾನ್ ಪ್ಯಾಕೇಜ್‌ಗಳ ಭಂಡಾರವಾದ ಪೈಪಿಐ ಅಂತೂ ಅಳಿಸಿದ ಕಡತದ ಹೆಸರನ್ನು ಮತ್ತೆ ಬಳಸಲು ಬಿಡುವುದಿಲ್ಲ.